ಹಸಿರು ಬಳಿದ ಅಟ್ಟಣಿಗೆ

ಕೆಲಗೇರಿ ಕೆರೆಯಲ್ಲಿ ಒಂದೇ ವರ್ಷ ಕಾಲೇಜಿನ ಇಬ್ಬರು ಹುಡುಗರು ಮುಳುಗಿ ಸತ್ತ ಮೇಲೆ ಧಾರವಾಡದ ಹಿರಿಯರು ಕೆಲವರು ಸೇರಿ ಒಂದು ಸಮಿತಿ ಮಾಡಿಕೊಂಡರು. ಅದು ಅರವತ್ತೆರಡನೇ ಇಸವಿ. ಸಮಿತಿಯ ಅಧ್ಯಕ್ಷರು ನಿವೃತ್ತ ಮಾಮಲೇದಾರ ಸಿದ್ದಲಿಂಗಪ್ಪನವರು. ಏನು ಹಿಡಿದರೂ ಕಡೆ ಮುಟ್ಟಿಸುವ ಮನುಷ್ಯ. ಎರಡೇ ತಿಂಗಳಲ್ಲಿ ಕೆರೆಯ ದಂಡೆಗುಂಟ ಮೂರು ಕಟ್ಟಿಗೆಯ ಅಟ್ಟಣಿಗೆಗಳು ಎದ್ದು ನಿಂತವು. ಜೋಳದ ಹೊಲದಲ್ಲಿ ಹಕ್ಕಿ ಕಾಯಲು ಹಾಕುತ್ತಾರಲ್ಲ, ಅಂಥವೇ, ಆದರೆ ಗಟ್ಟಿಮುಟ್ಟು. ನಾಲ್ಕು ಕಾಲು, ಒಂದು ಏಣಿ, ಮೂರು ಕಡೆ ಹಲಗೆಯ ಗೋಡೆ, ಮೇಲೆ ತಗಡು. ಒಂದೊಂದರಲ್ಲೂ ಉದ್ದನೆಯ ಹಗ್ಗ, ಗಾಳಿ ತುಂಬಿದ ಲಾರಿ ಟ್ಯೂಬು.

ಕಾಯಲಿಕ್ಕೆ ಹುಲಗಪ್ಪನನ್ನು ಇಟ್ಟರು. ನಲವತ್ತೈದರ ಆಸುಪಾಸಿನ ಆಳು, ಕೆರೆಯ ಆಚೆಗಿನ ಕೇರಿಯವನು. ಎಮ್ಮೆ ಮೇಯಿಸುವ ವಯಸ್ಸಿನಿಂದ ಈ ನೀರಿನಲ್ಲಿ ಈಜಿದವನು. ಆ ಇಬ್ಬರು ಹುಡುಗರ ಹೆಣಗಳನ್ನು ಮುಳುಗು ಹಾಕಿ ಮೇಲೆ ತಂದವನೂ ಅವನೇ. ಸಮಿತಿಯವರು ಅವನ ಕೊರಳಿಗೆ ಒಂದು ಸೀಟಿ ಕಟ್ಟಿದರು.

ಅಟ್ಟಣಿಗೆಗಳಿಗೆ ಬಣ್ಣದ ಚಿತ್ರ ಬರೆಸಬೇಕೆಂಬ ವಿಚಾರ ಸಿದ್ದಲಿಂಗಪ್ಪನವರದು. ಓದಲು ಬಾರದವರಿಗೂ ದೂರದಿಂದಲೇ ತಿಳಿಯಬೇಕು: ಕೆಂಪು ಅಟ್ಟಣಿಗೆಯ ಮೇಲೆ ಬಾಯಿ ತೆರೆದ ಮೊಸಳೆ ಇದ್ದರೆ ಅಲ್ಲಿ ಇಳಿಯಬಾರದು; ಹಳದಿಯದರ ಮೇಲೆ ನಡುಮಟ್ಟ ನೀರಿನಲ್ಲಿ ನಿಂತ ಮನುಷ್ಯನಿದ್ದರೆ ದೊಡ್ಡವರಷ್ಟೇ ಇಳಿಯಬೇಕು; ಹಸಿರಿನ ಮೇಲೆ ಬಾತುಕೋಳಿ, ಆಡುವ ಮಕ್ಕಳು ಇದ್ದರೆ ಯಾರಾದರೂ ಇಳಿಯಬಹುದು. ಈ ಕೆಲಸಕ್ಕೆ ಅವರು ಗುರುಶಿದ್ದಪ್ಪನನ್ನು ಕರೆಸಿದರು.

ಗುರುಶಿದ್ದಪ್ಪ ಡ್ರಾಯಿಂಗ್ ಮಾಸ್ತರ, ಗರಗದವನು. ತಂದೆ ಖಾದಿ ನೇಯುವಾತ. ಮಗ ಮಗ್ಗದ ಬದಿಗೆ ಕೂತು ಇದ್ದಿಲಿನಿಂದ ಗೋಡೆಯ ಮೇಲೆ ಎತ್ತು, ಬಂಡಿ ಬರೆಯುತ್ತ ಬೆಳೆದಿದ್ದ. ಧಾರವಾಡದ ಒಂದು ಹೈಸ್ಕೂಲಿಗೆ ಸೇರಿ ಹನ್ನೊಂದು ವರ್ಷವಾಗಿತ್ತು. ಹನ್ನೊಂದು ವರ್ಷವೂ ಹೂಜಿ, ಎಲೆ, ಮಾವಿನಕಾಯಿ ಬರೆಸಿದ್ದೇ ಬರೆಸಿದ್ದು. ಗಣಿತದ ಪಾಠ ಮುಗಿಯದಿದ್ದರೆ ಆ ಮಾಸ್ತರರು ಇವನ ತಾಸನ್ನೇ ಕೇಳಿ ತೆಗೆದುಕೊಳ್ಳುತ್ತಿದ್ದರು. ಇವನೂ ನಕ್ಕು ಕೊಡುತ್ತಿದ್ದ. ಒಳಗೆ ಮಾತ್ರ ಉರಿಯುತ್ತಿತ್ತು.

"ನಿಮ್ಮ ಕೈಯಾಗಿನ ಕಲಾ ಊರಿಗೆ ಗೊತ್ತಾಗ್ಲಿ ಮಾಸ್ತರ," ಎಂದರು ಸಿದ್ದಲಿಂಗಪ್ಪನವರು. "ಯಾವ ಅಟ್ಟಣಿಗಿಗೆ ಯಾವ ಬಣ್ಣ ಅಂಬೂದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಹುಲಗಪ್ಪನ ಕೇಳಿ ಬರೀರಿ. ಅವನಿಗೆ ಕೆರಿ ಅಂಗೈಯಾಗಿದ್ಧಾಂಗ."

"ಆತರಿ," ಎಂದ ಗುರುಶಿದ್ದಪ್ಪ.

ಮರುದಿನವೇ ರಜೆ ಹಾಕಿ ಕೆರೆಗೆ ಹೋದ. ಹುಲಗಪ್ಪ ಅಂದು ಕೇರಿಯಲ್ಲಿ ಯಾರೋ ಸತ್ತದ್ದರಿಂದ ಮಣ್ಣಿಗೆ ಹೋಗಿದ್ದ, ಮಧ್ಯಾಹ್ನದ ತನಕ ಬರಲಿಲ್ಲ. ಮೂರು ಅಟ್ಟಣಿಗೆಗಳಲ್ಲಿ ಒಂದು ಬಟ್ಟೆ ಒಗೆಯುವ ಕಲ್ಲುಗಳ ಹತ್ತಿರ, ಇನ್ನೊಂದು ನಡುವೆ, ಮೂರನೆಯದು ಬೇವಿನ ಗಿಡದ ಬುಡಕ್ಕೆ. ಬೇವಿನ ಗಿಡದ್ದು ರಸ್ತೆಗೆ ಎದುರಾಗಿತ್ತು. ಟಾಂಗಾ ಇಳಿದವರ ಕಣ್ಣಿಗೆ ಮೊದಲು ಬೀಳುವುದು ಅದೇ. ಗುರುಶಿದ್ದಪ್ಪನ ತಲೆಯಲ್ಲಿ ಆಗಲೇ ಚಿತ್ರ ಮೂಡಿತ್ತು: ಗಿಡದ ನೆರಳಿಗೆ ಹೊಂದುವ ಎಳೆ ಹಸಿರು, ಅದರಲ್ಲಿ ಬೆಳ್ಳಗಿನ ಏಳು ಬಾತುಕೋಳಿ, ನೀರು ಎರಚುವ ಮೂರು ಮಕ್ಕಳು. ಮೊಸಳೆ ಯಾರಿಗೆ ಬೇಕು? ಮೊಸಳೆಯನ್ನು ಒಗೆಯುವ ಕಲ್ಲಿನ ಹತ್ತಿರ ಬರೆದರಾಯಿತು. ಕೇಳುವವರಿಲ್ಲದ್ದರಿಂದ ಕಾಯುವುದೂ ಬೇಡವೆನಿಸಿತು. ಹುಲಗಪ್ಪ ಬರುವಷ್ಟರಲ್ಲಿ ಹಲಗೆಗೆ ಹಸಿರು ಬಳಿದು, ಸೀಮೆಸುಣ್ಣದಿಂದ ಬಾತುಕೋಳಿಗಳ ಗೆರೆ ಎಳೆದಾಗಿತ್ತು.

ಹುಲಗಪ್ಪ ಏಣಿಯ ಕೆಳಗೆ ನಿಂತು ಸ್ವಲ್ಪ ಹೊತ್ತು ನೋಡಿದ.

"ಮಾಸ್ತರ್ರ, ಇಲ್ಲಿ ಹಸರ ಬ್ಯಾಡ್ರಿ. ಬರಗಾಲದಾಗ ನೀರು ಸರದಿತ್ತಲ್ರಿ, ಆಗ ಇಟ್ಟಂಗಿಗೆ ಅಂತ ಇಲ್ಲಿ ಜೇಡಿಮಣ್ಣು ತಗದಾರ. ದೊಡ್ಡ ತೆಗ್ಗು ಐತಿ. ಎರಡ ಹೆಜ್ಜಿ ಮೊಣಕಾಲ ನೀರು, ಮೂರನೇ ಹೆಜ್ಜಿ ಇಟ್ರ ಆನೀನೂ ನುಂಗತೈತಿ. ಆ ಹುಡುಗೂರು ಹೋಗಿದ್ದೂ ಇಲ್ಲೇರಿ."

ಗುರುಶಿದ್ದಪ್ಪ ಕುಂಚ ಹಿಡಿದ ಕೈಯನ್ನು ಕೆಳಗಿಳಿಸಲಿಲ್ಲ. ಅರ್ಧ ದಿನದ ಕೆಲಸ. ಮೇಲಾಗಿ ಚಿತ್ರ ತಾನೆಣಿಸಿದ್ದಕ್ಕಿಂತ ಚೆನ್ನಾಗಿ ಬರುವ ಲಕ್ಷಣವಿತ್ತು. ಅಂಥದು ವರ್ಷಕ್ಕೊಮ್ಮೆಯೂ ಬರುವುದಿಲ್ಲ.

"ಹೌದೇನು? ಈಗ ಬಳದು ಮುಗಿಸೇನಲ್ಲೋ ಹುಲಗಪ್ಪ."

"ಮ್ಯಾಲೆ ಕೆಂಪು ಬಳದ್ರ ಮುಚ್ಚೂದಿಲ್ಲೇನ್ರಿ?"

"ಮುಚ್ಚೂದಿಲ್ಲ. ಹೊಲಸಾಗತೈತಿ," ಎಂದ ಗುರುಶಿದ್ದಪ್ಪ. ಒಣಗಿದ ಮೇಲೆ ಬಳಿದರೆ ಚೆನ್ನಾಗಿಯೇ ಮುಚ್ಚುತ್ತದೆಂದು ಅವನಿಗೆ ಗೊತ್ತಿತ್ತು. "ನೀ ಹ್ಯಾಂಗೂ ಇಲ್ಲೇ ಇರ್ತೀಯಲ್ಲ. ಇಳ್ಯಾವ್ರಿಗೆ ಬಾಯಿಲೆ ಹೇಳಿದ್ರಾತು. ಅಧ್ಯಕ್ಷರಿಗೆ ನಾ ಹೇಳತೇನಿ."

ಹುಲಗಪ್ಪ ಏಣಿಯ ಬುಡದಿಂದ ನೀರಿನ ಕಡೆ ನಡೆದ. ಮಾಸ್ತರರ ಮಾತಿಗೆ ಎದುರು ಮಾತಾಡಿ ರೂಢಿಯಿರಲಿಲ್ಲ. ಗುರುಶಿದ್ದಪ್ಪ ಅಧ್ಯಕ್ಷರಿಗೆ ಹೇಳಲಿಲ್ಲ. ಮೊದಲ ದಿನ ಮರೆತ, ಎರಡನೆಯ ದಿನ ನೆನಪಿದ್ದೂ ಬಿಟ್ಟ, ಆಮೇಲೆ ಹೇಳುವ ಹೊತ್ತು ಮೀರಿತ್ತು.

ಅಟ್ಟಣಿಗೆಗಳ ಸುದ್ದಿ ಊರೆಲ್ಲ ಹಬ್ಬಿತು. ಹುಬ್ಬಳ್ಳಿಯಿಂದ ರವಿವಾರ ಜನ ನೋಡಲು ಬರತೊಡಗಿದರು. ಪತ್ರಿಕೆಯೊಂದರಲ್ಲಿ ಬೇವಿನ ಗಿಡದ ಅಟ್ಟಣಿಗೆಯ ಫೋಟೋ ಬಂತು, ಕೆಳಗೆ ಗುರುಶಿದ್ದಪ್ಪನ ಹೆಸರು. ಹೆಂಡತಿ ಮಂದಾಕಿನಿ ಅದನ್ನು ಕತ್ತರಿಸಿ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದಳು. ಗಣಿತದ ಮಾಸ್ತರರು ಶಾಲೆಯಲ್ಲಿ ಕೈ ಕುಲುಕಿದರು. ಹುಲಗಪ್ಪ ಮಾತ್ರ ದಿನವಿಡೀ ಬೇವಿನ ಗಿಡದ ಕಡೆಗೇ ಕೂತಿರುತ್ತಿದ್ದ. ಮಿಕ್ಕೆರಡರ ಏಣಿ ಹತ್ತುವುದೇ ಕಡಿಮೆ. ಕೇಳಿದವರಿಗೆ, "ಇಲ್ಲಿ ನೆರಳ ಛಲೋ ಐತ್ರಿ," ಅನ್ನುತ್ತಿದ್ದ.

ಶ್ರಾವಣದ ಒಂದು ಮುಂಜಾನೆ ಟಾಂಗಾ ಹೊಡೆಯುವ ಖಾಜಾಸಾಬ ಕುದುರೆ ತೊಳೆಯಲು ಕೆರೆಗೆ ಬಂದ. ಜೊತೆಗೆ ಎಂಟು ವರ್ಷದ ಮಗಳು ಅಬೀದಾ. ಅವನು ಕುದುರೆಯನ್ನು ಒಗೆಯುವ ಕಲ್ಲಿನ ಕಡೆಗೆ ಒಯ್ದ. ಅದೇ ಹೊತ್ತಿಗೆ ನಡುವಿನ ಅಟ್ಟಣಿಗೆಯ ಹತ್ತಿರ ಮುದುಕಿಯೊಬ್ಬಳು ಜಾರಿ ಬಿದ್ದು ಕೂಗಿಕೊಂಡಳೆಂದು ಹುಲಗಪ್ಪ ಅತ್ತ ಓಡಿದ್ದ. ಮುದುಕಿಯನ್ನು ಎತ್ತಿ ಕೂಡಿಸಿ ತಿರುಗಿ ನೋಡಿದರೆ ಬೇವಿನ ಗಿಡದ ಬಳಿ ನೀರಿನ ಮೇಲೆ ಒಂದು ಕೈ. ಆಮೇಲೆ ಅದೂ ಇಲ್ಲ.

ಓಡುತ್ತಲೇ ಅಂಗಿ ಕಿತ್ತೊಗೆದು ಹಾರಿದ. ಮೊದಲ ಮುಳುಗಿಗೆ ಸಿಗಲಿಲ್ಲ. ಎರಡನೆಯದಕ್ಕೂ ಸಿಗಲಿಲ್ಲ. ಮೂರನೆಯ ಸಲ ಮೇಲೆ ಬಂದಾಗ ಹುಡುಗಿಯ ಕೂದಲು ಅವನ ಮುಷ್ಟಿಯಲ್ಲಿತ್ತು. ದಂಡೆಯ ಮೇಲೆ ಬೋರಲು ಹಾಕಿ ನೀರು ಕಾರಿಸಿದ. ಉಸಿರಿತ್ತು. ಖಾಜಾಸಾಬ ತನ್ನ ಟಾಂಗಾದಲ್ಲೇ ಮಗಳನ್ನು ದವಾಖಾನೆಗೆ ಒಯ್ದ. ಬದುಕಿದಳು. ಆದರೆ ಹನ್ನೆರಡು ದಿನ ಮಂಚ ಬಿಟ್ಟೇಳಲಿಲ್ಲ, ಐದು ದಿನ ಮಾತೇ ಆಡಲಿಲ್ಲ.

ಸುದ್ದಿ ಕೇಳಿದಾಗ ಗುರುಶಿದ್ದಪ್ಪ ತರಗತಿಯಲ್ಲಿದ್ದ. "ಬೇವಿನ ಗಿಡದ ಹಂತ್ಯಾಕ" ಎಂಬ ಮಾತು ಕಿವಿಗೆ ಬಿದ್ದದ್ದೇ ಕೈಯಲ್ಲಿನ ಸೀಮೆಸುಣ್ಣ ಮುರಿಯಿತು. ಆರನೆಯ ದಿನ ಒಂದು ಪುಡಿಕೆ ದ್ರಾಕ್ಷಿ ಹಿಡಿದು ದವಾಖಾನೆಗೆ ಹೋದ. ಖಾಜಾಸಾಬ ಎದ್ದು ನಿಂತು ಸಲಾಮು ಮಾಡಿದ.

"ಇಂದ ಮಾತಾಡೇತ್ರಿ ಕೂಸು," ಎಂದ. "ಯಾಕ ಇಳದಿ ಬೇಟಿ ಅಂತ ಕೇಳಿದ್ರ, ಅಲ್ಲಿ ಬಾತುಕೋಳಿ ಇದ್ವು ಅಬ್ಬಾ, ಹುಡುಗೂರು ಆಡಾಕತ್ತಿದ್ರು, ಅದಕ್ಕ ಇಳದೆ ಅಂತೈತ್ರಿ. ಎಲ್ಲಿ ಬಾತುಕೋಳಿ, ಎಲ್ಲಿ ಹುಡುಗೂರು! ಜ್ವರದಾಗ ಏನೇನೋ ಬಡಬಡಸತೈತಿ."

ಹುಡುಗಿ ಕಣ್ಣು ಮುಚ್ಚಿ ಮಲಗಿತ್ತು. ಗುರುಶಿದ್ದಪ್ಪ ದ್ರಾಕ್ಷಿಯ ಪುಡಿಕೆಯನ್ನು ಮಂಚದ ತುದಿಗಿಟ್ಟು, ಹೊರಗೆ ಬಂದು, ಗೋಡೆಗೆ ಕೈ ಊರಿ ನಿಂತ. ಆಗಲೇ ಒಳಗೆ ಹೋಗಿ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ.

ಸಮಿತಿಯ ಸಭೆ ಸಿದ್ದಲಿಂಗಪ್ಪನವರ ಪಡಸಾಲೆಯಲ್ಲಿ ಸೇರಿತು. ಐದಾರು ಜನ ಹಿರಿಯರು ಜಮಖಾನೆಯ ಮೇಲೆ, ಅವರ ನಡುವೆ ಗುರುಶಿದ್ದಪ್ಪ. ಹುಲಗಪ್ಪ ಹೊರಗೆ ಕಟ್ಟೆಯ ಕೆಳಗೆ, ಬಾಗಿಲಲ್ಲಿ ಕಾಣುವಂತೆ ನಿಂತಿದ್ದ. ಒಳಗಿನವರಿಗೆ ಅವಲಕ್ಕಿಯ ತಾಟುಗಳು ಬಂದವು. ಅವನಿಗೆ ಚಹಾ ಕಟ್ಟೆಯ ಮೇಲೆ ಬೇರೆ ಇಟ್ಟಿದ್ದ ಕಪ್‌ಬಸಿಯಲ್ಲಿ ಬಂತು.

"ನಿನ್ನ ಜಾಗಾ ಬಿಟ್ಟು ಎಲ್ಲಿ ಹೋಗಿದ್ದಿ?" ಎಂದು ಅಧ್ಯಕ್ಷರು ಕೇಳಿದರು. ಹುಲಗಪ್ಪ ಮುದುಕಿಯ ಸಂಗತಿ ಹೇಳಿದ. ಒಬ್ಬರು, "ಕುಡದಿದ್ದ ಅಂತಾರ," ಎಂದರು. ಯಾರು ಅಂತಾರೆ ಎಂದು ಯಾರೂ ಕೇಳಲಿಲ್ಲ.

"ಅಲ್ಲಿ ಆಳ ಐತಿ ಅಂದ್ರ ಹಸರು ಯಾಕ ಬರಸಿದಿ?" ಎಂದು ಅಧ್ಯಕ್ಷರೇ ಮತ್ತೆ ಕೇಳಿದರು.

"ನಾ ಹೇಳಿದ್ನಿರಿ ಮಾಸ್ತರ್ರಿಗೆ, ತೆಗ್ಗು ಐತಿ ಅಂತ."

ಎಲ್ಲರೂ ಗುರುಶಿದ್ದಪ್ಪನ ಕಡೆ ತಿರುಗಿದರು. ಹುಲಗಪ್ಪನೂ ನೋಡಿದ. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತಾರೆಂದು ಕಾದು ನಿಂತವನ ನೋಟ, ಅಷ್ಟೇ. ಗುರುಶಿದ್ದಪ್ಪನಿಗೆ ಪತ್ರಿಕೆಯ ಫೋಟೋ, ಶಾಲೆ, ಹೆಡ್‌ಮಾಸ್ತರರ ಮುಖ, ಎಲ್ಲ ಒಮ್ಮೆಲೆ ಕಣ್ಣ ಮುಂದೆ ಬಂದವು.

"ಹೇಳಿದ ನೆನಪು ನನಗಿಲ್ಲರಿ," ಎಂದ.

ಆಮೇಲೆ ಹೊರಗಿನಿಂದ ಹುಲಗಪ್ಪನೇ ಹೇಳಿದ: "ಮಾಸ್ತರ್ರು ಅಂದಿದ್ದು ಖರೇ ಇರಬೇಕ್ರಿ. ನಾ ಬಾಯಿ ಬಿಟ್ಟು ಹೇಳಿದ್ನೋ, ಮನಸಿನ್ಯಾಗ ಅಂದ್ಕೊಂಡ್ನೋ." ಕೊರಳಿನ ಸೀಟಿ ಬಿಚ್ಚಿ ಕಟ್ಟೆಯ ಮೇಲೆ, ಬಸಿಯ ಬದಿಗೆ ಇಟ್ಟು ಹೊರಟುಹೋದ. ಚಹಾ ಕುಡಿದಿರಲಿಲ್ಲ.

ಗುರುಶಿದ್ದಪ್ಪ ತನ್ನ ತಾಟಿನ ಅವಲಕ್ಕಿಯನ್ನೆಲ್ಲ ತಿಂದ. ಮುಂದೆ ಎಷ್ಟೋ ದಿನ ಅವನಿಗೆ ಸುಳ್ಳಿಗಿಂತ ಹೆಚ್ಚಾಗಿ ಆ ಅವಲಕ್ಕಿಯ ನೆನಪಾಗಿ ನಾಚಿಕೆಯಿಂದ ಮೈ ಬಿಸಿಯಾಗುತ್ತಿತ್ತು. ಉಪ್ಪು ಖಾರ ಸರಿಯಾಗಿದ್ದವು, ಕೊಬ್ಬರಿ ಹಾಕಿದ್ದರು, ಅವನು ಬೆರಳಿನಿಂದ ತಾಟು ಸವರಿದ್ದ.

ಮನೆಯಲ್ಲಿ ಕಟ್ಟು ಹಾಕಿದ ಫೋಟೋದ ಕೆಳಗೆ ಕೂಡಲಾಗದೆ ಅಡಿಗೆಮನೆಯಲ್ಲಿ ಕೂತು ಉಣ್ಣತೊಡಗಿದ. ಮಂದಾಕಿನಿ ಎರಡು ದಿನ ನೋಡಿದಳು, ಮೂರನೆಯ ದಿನ ಕೇಳಿದಳು, "ಏನಾಗೇತ್ರಿ ನಿಮಗ?" ಅವನು ಎಲ್ಲ ಹೇಳಿದ. ಬೈದಾಳು ಎಂದುಕೊಂಡಿದ್ದ. ಬೈಯಲಿಲ್ಲ. ಹೋಗಿ ಗೋಡೆಯ ಮೇಲಿನ ಕಟ್ಟು ಇಳಿಸಿ, ಹಾಸಿಗೆಗಳ ಸಂದಿಯಲ್ಲಿ ಮುಖ ಕೆಳಗಾಗಿಟ್ಟು ಬಂದು, ರೊಟ್ಟಿ ಬಡಿಯತೊಡಗಿದಳು. ಆ ಸಪ್ಪಳದಲ್ಲೇ ಅಂದಳು, "ಅವಗ ಹೋಗಿ ಹೇಳ್ರಿ."

ಮರುದಿನ ಶಾಲೆ ಬಿಟ್ಟ ಮೇಲೆ ಕೆರೆ ಸುತ್ತಿ ಕೇರಿಗೆ ಹೋದ. ಚಿತ್ರ ಬರೆಯುವಾಗ ಅಷ್ಟು ದಿನ ಹುಲಗಪ್ಪನ ಜೊತೆ ಇದ್ದರೂ ಅವನ ಮನೆ ಯಾವುದೆಂದು ಗೊತ್ತಿರಲಿಲ್ಲ, ಕೇಳಿಕೊಂಡು ಹೋಗಬೇಕಾಯಿತು. ಹುಲಗಪ್ಪನ ಹೆಂಡತಿ ಶೇವಂತೆವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು, ಏಳಲಿಲ್ಲ.

"ಅವರಿಲ್ಲರಿ. ಹುಬ್ಬಳ್ಯಾಗ ಹಮಾಲಿ ಮಾಡಾಕ ಹೋಗ್ಯಾರ. ಎಂಟು ದಿನಕ್ಕೊಮ್ಮಿ ಬರ್ತಾರ."

ಗುರುಶಿದ್ದಪ್ಪ ಕಂಬ ಹಿಡಿದು ನಿಂತ. "ತಂಗಿ, ತಪ್ಪು ನಂದೈತಿ. ಹುಲಗಪ್ಪ ನನಗ ಹೇಳಿದ್ದ. ನಾ ಸುಳ್ಳ ಹೇಳಿದೆ."

"ನನಗ ಗೊತ್ತೈತ್ರಿ. ನೀವು ಬಣ್ಣ ಬಳದ ದಿನ ಸಂಜೀಕ ಬಂದು ನನಗ ಹೇಳಿದ್ರು, ತೆಗ್ಗಿನ ಮಾತ ಹೇಳಿದ್ನಿ, ಆದ್ರ ಬಾತುಕೋಳಿ ಬಾಳ ಚೆಂದ ಬರದಾರ, ಅಳಸ್ರಿ ಅಂತ ಮತ್ತೊಮ್ಮಿ ಅನ್ನಾಕ ಬಾಯಿ ಬರಲಿಲ್ಲ ಅಂತ."

ಅವನಿಗೆ ಅಲ್ಲೇ ನೆಲಕ್ಕಿಳಿದು ಹೋದರೆ ಸಾಕೆನಿಸಿತು. "ಅವಗ ನಾ ಬಂದಿದ್ದೆ ಅಂತ ಹೇಳು. ತಪ್ಪಾತು ಅಂದ್ರು ಅಂತ..."

ಶೇವಂತೆವ್ವ ಆಗ ಎದ್ದು ನಿಂತಳು. ದನಿ ಏರಲಿಲ್ಲ.

"ಇಲ್ಲಿ ಹೇಳಿದ್ರ ಏನ್ ಬಂತ್ರಿ ಮಾಸ್ತರ್ರ? ಈ ಅಂಗಳದಾಗ ನಾನು, ಈ ಕೋಳಿ, ಇಷ್ಟ ಇದ್ದೀವಿ. ಊರಾಗ ನನ್ನ ಗಂಡ ಕುಡುಕ ಆಗ್ಯಾನ. ಕೂಸಿನ ನೀರಿಗೆ ಬಿಟ್ಟು ಮಲಗಿದ್ದ ಅಂತಾರ. ಎಲ್ಲಿ ಸುಳ್ಳ ಹೇಳೀರಿ ಅಲ್ಲಿ ಹೋಗಿ ಖರೇ ಹೇಳ್ರಿ. ಇಲ್ಲಿ ಬ್ಯಾಡ."

ಅವಳು ಮೊರ ಎತ್ತಿಕೊಂಡಳು. ಗುರುಶಿದ್ದಪ್ಪ ಬಂದ ದಾರಿಯಲ್ಲೇ ತಿರುಗಿದ. ಕೆರೆಯ ದಂಡೆಗೆ ಬಂದಾಗ ಸಂಜೆಯ ಬಿಸಿಲು ಬೇವಿನ ಗಿಡದ ಅಟ್ಟಣಿಗೆಯ ಮೇಲೆ ನೇರ ಬಿದ್ದಿತ್ತು. ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಅದು ಚೆನ್ನಾಗಿದೆ ಎಂದು ಆಗಲೂ ತನಗೆ ಅನಿಸಿತಲ್ಲ ಎಂಬುದಕ್ಕೇ ಅವನು ತಲೆ ತಗ್ಗಿಸಿದ.

ತಮ್ಮ ಮನೆಗೆ ಬಂದ ಅವನ ಮಾತನ್ನೆಲ್ಲ ಕೇಳಿ ಸಿದ್ದಲಿಂಗಪ್ಪನವರು ಮೀಸೆ ತೀಡಿದರು.

"ಆದದ್ದು ಆಗಿ ಹೋತು ಮಾಸ್ತರ. ಕೂಸು ಬದುಕೇತಿ. ಈಗ ಇದನ್ನ ಎತ್ತಿದ್ರ ನಿಮ್ಮ ಹೆಸರೂ ಹೋಗತೈತಿ, ಸಮಿತಿ ಹೆಸರೂ ಹೋಗತೈತಿ. ಗಿರಿಯಪ್ಪ ಅಂತ ಬ್ಯಾರೆ ಮನಿಷ್ಯಾನ ಹುಡುಕೇನಿ, ಅವ ನಾಳಿಂದ ಬರ್ತಾನ."

"ಅವನಿಗೆ ಆ ತೆಗ್ಗು ಗೊತ್ತೈತೇನ್ರಿ?"

ಅಧ್ಯಕ್ಷರು ಎಲೆಅಡಿಕೆಯ ತಾಟನ್ನು ಹತ್ತಿರಕ್ಕೆ ಎಳೆದುಕೊಂಡರು.

"ಸಭಾ ಕರೀರಿ," ಎಂದ ಗುರುಶಿದ್ದಪ್ಪ. "ನೀವು ಕರೀಲಿಲ್ಲಂದ್ರ ನಾ ದಂಡಿ ಮ್ಯಾಲೆ ನಿಂತು ಬಂದವರಿಗೆಲ್ಲಾ ಹೇಳತೇನಿ."

ಸಭೆ ಕರೆದರು. ಅದೇ ಪಡಸಾಲೆ, ಅದೇ ಜನ. ಹುಬ್ಬಳ್ಳಿಗೆ ಹೇಳಿ ಕಳಿಸಿ ಹುಲಗಪ್ಪನನ್ನೂ ಕರೆಸಿದ್ದರು. ಅವನು ಮೊದಲಿನ ಹಾಗೆಯೇ ಕಟ್ಟೆಯ ಕೆಳಗೆ ನಿಂತ. ಈ ಸಲ ಗುರುಶಿದ್ದಪ್ಪ ಜಮಖಾನೆಯ ಮೇಲೆ ಕೂಡಲಿಲ್ಲ. ಬಾಗಿಲ ಹೊಸ್ತಿಲಲ್ಲಿ, ಒಳಗಿನವರಿಗೂ ಹೊರಗಿನವನಿಗೂ ಕಾಣುವಂತೆ ನಿಂತು ಹೇಳಿದ. ಅಂದು ಹುಲಗಪ್ಪ ಏನೆಂದಿದ್ದ, ತಾನು ಏನೆಂದೆ, ಬಣ್ಣ ಮುಚ್ಚುವುದಿಲ್ಲವೆಂದು ಹೇಗೆ ಸುಳ್ಳಾಡಿದೆ, ಎಲ್ಲ. ನಡುವೆ ಮಾತು ಎರಡು ಸಲ ನಿಂತಿತು. ಯಾರೂ ಕೈ ಹಿಡಿದು ನಡೆಸಲಿಲ್ಲ. ತಾನೇ ಮತ್ತೆ ಎತ್ತಿಕೊಂಡು ಮುಗಿಸಿದ.

ಹಿರಿಯರೊಬ್ಬರು "ಛೇ ಛೇ" ಎಂದರು. ಸಿದ್ದಲಿಂಗಪ್ಪನವರು ಎದ್ದು ಬಂದು ಸೀಟಿಯನ್ನು ಹುಲಗಪ್ಪನ ಕಡೆ ಚಾಚಿದರು. "ತಗೋಳಪ್ಪ. ನಮ್ಮಿಂದ ತಪ್ಪಾತು."

ಹುಲಗಪ್ಪ ಕೈ ಚಾಚಲಿಲ್ಲ.

"ಇಲ್ಲಿ ಹೇಳಿದ್ರು, ಕೇಳಿದ್ನಿರಿ. ಆದ್ರ ಟಾಂಗಾ ಸ್ಟ್ಯಾಂಡಿನ್ಯಾಗ ನನ್ನ ಕುಡುಕ ಅಂತಾರ. ಖಾಜಾಸಾಬ ನನ್ನ ನೋಡಿದ್ರ ಮಾರಿ ತಿರುವತಾನ. ಅವನ ಮಗಳನ್ನ ನೀರಿಗೆ ಬಿಟ್ಟು ನಾ ಮಲಗಿದ್ನಿ ಅಂತ ಅವ ತಿಳಕೊಂಡಾನ್ರಿ. ಅವರ ಮುಂದ ಹೇಳ್ಲಿ ಮಾಸ್ತರ್ರು. ಆಮ್ಯಾಲೆ ನಾ ಇದನ್ನ ಕಟ್ಟಿಕೊಳ್ತೇನಿ."

ಹಿರಿಯರ ಮುಂದೆ ಹೇಳಿದ್ದು ಸುಲಭವಾಗಿತ್ತೆಂದು ಗುರುಶಿದ್ದಪ್ಪನಿಗೆ ಟಾಂಗಾ ಸ್ಟ್ಯಾಂಡಿನಲ್ಲಿ ತಿಳಿಯಿತು. ಅಲ್ಲಿ ಜಮಖಾನೆ ಇರಲಿಲ್ಲ, ಪಿಸುಮಾತು ಇರಲಿಲ್ಲ. ಹದಿನೈದು ಇಪ್ಪತ್ತು ಜನ ಸುತ್ತ ನೆರೆದರು. ಅವರಲ್ಲಿ ಇಬ್ಬರ ಮಕ್ಕಳು ಇವನ ಶಾಲೆಯಲ್ಲೇ ಕಲಿಯುತ್ತಿದ್ದರು. ಹೇಳುತ್ತ ಹೋದಂತೆ ಖಾಜಾಸಾಬನ ಮುಖ ಬಿಗಿಯಿತು. ಚಾಬೂಕು ಹಿಡಿದ ಕೈ ಮೇಲೇಳಬಹುದೆಂದು ಗುರುಶಿದ್ದಪ್ಪ ಕಾದ. ಏಳಲಿ ಎಂದೂ ಅನಿಸಿತು. ಏಳಲಿಲ್ಲ.

"ಅಂದ್ರ ನನ್ನ ಮಗಳು ಸುಳ್ಳ ಹೇಳಿದ್ದಿಲ್ಲ," ಎಂದ ಖಾಜಾಸಾಬ ನಿಧಾನವಾಗಿ. "ನಾ ಅಕಿಗೆ ಬೈದ್ನಿರಿ ಮಾಸ್ತರ. ಬಾತುಕೋಳಿ ಗೀತುಕೋಳಿ ಅಂದ್ರ ಹೊಡೀತೀನಿ ಅಂದ್ನಿ. ಆಮ್ಯಾಲೆ ಅದು ಆ ಮಾತ ಆಡೂದ ಬಿಡ್ತು."

ಇದು ಗುರುಶಿದ್ದಪ್ಪನಿಗೆ ಗೊತ್ತಿರಲಿಲ್ಲ.

ಖಾಜಾಸಾಬ ಅವನಿಗೆ ಬೆನ್ನು ಮಾಡಿ ಗುಂಪಿನ ಹಿಂದೆ ನಿಂತಿದ್ದ ಹುಲಗಪ್ಪನ ಹತ್ತಿರ ಹೋದ. ಅವನ ಎರಡೂ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡ. ಹುಲಗಪ್ಪ, "ಇರಲಿ ಬಿಡೋ ಮಾರಾಯಾ," ಅನ್ನುತ್ತ ಕೈ ಬಿಡಿಸಿಕೊಳ್ಳಲು ನೋಡಿದ. ಗುರುಶಿದ್ದಪ್ಪನ ಕಡೆ ಆಮೇಲೆ ಯಾರೂ ತಿರುಗಲಿಲ್ಲ. ಅವನು ನಿಧಾನಕ್ಕೆ ನಡೆದು ಮನೆಗೆ ಹೋದ.

ಶಾಲೆಯಲ್ಲಿ ಹೆಡ್‌ಮಾಸ್ತರರು ಕರೆದು ಕಟುವಾಗಿ ಮಾತಾಡಿದರು, ಕೆಲಸ ಹೋಗಲಿಲ್ಲ. ಗಣಿತದ ಮಾಸ್ತರರು ಮತ್ತೆ ಅವನ ತಾಸು ಕೇಳತೊಡಗಿದರು. ಅವನು ಕೊಟ್ಟ.

ಮುಂದಿನ ರವಿವಾರ ಕೆಂಪು ಬಣ್ಣದ ಡಬ್ಬಿ ಹಿಡಿದು ಕೆರೆಗೆ ಹೋದ. ಹುಲಗಪ್ಪ ಸೀಟಿ ಕಟ್ಟಿಕೊಂಡು ದಂಡೆಯ ಮೇಲಿದ್ದ. ಗುರುಶಿದ್ದಪ್ಪ ಏಣಿ ಹತ್ತಲಿಲ್ಲ. ಧೋತರ ಮೇಲೆ ಕಟ್ಟಿ, "ಹುಲಗಪ್ಪ, ಮೊದಲ ಎಲ್ಲೆಲ್ಲಿ ಎಷ್ಟೆಷ್ಟು ಆಳ ಐತಿ ತೋರಸು," ಎಂದ.

ಹುಲಗಪ್ಪ ಉದ್ದನೆಯ ಬಿದಿರಿನ ಗಳ ತಂದ. ಸೊಂಟಕ್ಕೆ ಹಗ್ಗ ಕಟ್ಟಿ ಅದರ ತುದಿಯನ್ನು ಮಾಸ್ತರನ ಕೈಗೆ ಕೊಟ್ಟು ನೀರಿಗಿಳಿದ. ಬೇವಿನ ಗಿಡದಿಂದ ಒಗೆಯುವ ಕಲ್ಲಿನ ತನಕ ಹೆಜ್ಜೆಹೆಜ್ಜೆಗೂ ಗಳ ಊರಿ ಕೂಗಿ ಹೇಳಿದ. ಗುರುಶಿದ್ದಪ್ಪ ದಂಡೆಗುಂಟ ಹಗ್ಗ ಹಿಡಿದು ನಡೆಯುತ್ತ ಚೀಟಿಯಲ್ಲಿ ಬರೆದುಕೊಂಡ. ಮೂರು ತಾಸು ಹಿಡಿಯಿತು. ಅದರಲ್ಲಿ ಕೆಲಸದ ಮಾತಲ್ಲದೆ ಬೇರೊಂದು ಮಾತು ಅವರ ನಡುವೆ ಬರಲಿಲ್ಲ. ಕಡೆಗೆ ಹುಲಗಪ್ಪ ದಂಡೆಗೆ ಬಂದು ಹಗ್ಗ ಬಿಚ್ಚುವಾಗ ಗುರುಶಿದ್ದಪ್ಪ ಏನೋ ಹೇಳಬೇಕೆಂದು, "ಹುಲಗಪ್ಪ..." ಎಂದ.

"ಲಗೂ ಬಳೀರಿ ಮಾಸ್ತರ್ರ," ಎಂದ ಅವನು, ಧೋತರದ ನೀರು ಹಿಂಡುತ್ತ. "ಇವತ್ತ ಸೂಟಿ, ಸಾಲಿ ಹುಡುಗೂರು ಈಸಾಕ ಬರೂ ಹೊತ್ತಾತು."

ಗುರುಶಿದ್ದಪ್ಪ ಏಣಿ ಹತ್ತಿ ಬಳಿಯತೊಡಗಿದ. ಕೆಂಪು ಮೊದಲ ಕೈಗೇ ಮುಚ್ಚಿತು.

ಆಮೇಲೆ ಎಂಟು ವರ್ಷ, ಆ ಅಟ್ಟಣಿಗೆಗಳು ಹುಳ ಹಿಡಿದು ಬೀಳುವವರೆಗೆ, ಪ್ರತಿ ಮಳೆಗಾಲದ ಮುಂಚೆ ಅವನೇ ಹೋಗಿ ಬಣ್ಣ ಹೊಸದು ಮಾಡುತ್ತಿದ್ದ. ಪತ್ರಿಕೆಯವರು ಮತ್ತೆ ಬರಲಿಲ್ಲ. ಹುಲಗಪ್ಪ ಅವನೊಡನೆ ಮರ್ಯಾದೆಯಿಂದಲೇ ಮಾತಾಡುತ್ತಿದ್ದ, ಚಹಾ ತರಿಸಿದರೆ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಕುಡಿಯುತ್ತಿದ್ದರು. ಆದರೂ ಅವನ ಕಣ್ಣಿಗೆ ಕಣ್ಣಿಟ್ಟು ನೋಡುವುದು ಗುರುಶಿದ್ದಪ್ಪನಿಗೆ ಕಡೆಯವರೆಗೂ ಆಗಲಿಲ್ಲ. ಬಸಿಯ ಕಡೆ ನೋಡುತ್ತಲೇ ಕೇಳುತ್ತಿದ್ದ, "ಈ ವರ್ಷ ಏನಾರ ಬದಲಾಗೇತೇನು?" ಹುಲಗಪ್ಪ ನೀರಿನ ಕಡೆ ಕೈ ತೋರಿಸಿ ಹೇಳುತ್ತಿದ್ದ. ಇವನು ಬರೆದುಕೊಳ್ಳುತ್ತಿದ್ದ.